ಸತ್ಯಾಂಶ: ಗ್ರಹಣದ ಚಾಕು ಮತ್ತು ಮಗುವಿನ ತುಟಿ

ಗ್ರಹಣ ಹತ್ತಿರ ಬಂದರೆ ಸಾಕು, ಮಡಿಕೇರಿಯಿಂದ ವಿರಾಜಪೇಟೆಯವರೆಗೆ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಅದೇ ಸಂದೇಶ: ಆ ಹೊತ್ತಲ್ಲಿ ಬಸುರಿ ಚಾಕು ಹಿಡಿದರೆ ಮಗುವಿಗೆ ಸೀಳುತುಟಿ. ಕಳಿಸುವವರದು ಕಾಳಜಿಯೇ. ಆದರೆ ಮಾತು ನಿಜವಲ್ಲ.

ಏಕೆಂದು ತಿಳಿಯಲು ಗರ್ಭದಲ್ಲಿ ಅಂಗಗಳು ಹೇಗೆ ಮೂಡುತ್ತವೆ ನೋಡಬೇಕು. ಆ ಬಗೆಯನ್ನು ನಮಗೆ ಬಹಳಷ್ಟು ಕಲಿಸಿದ್ದು ಹಣ್ಣಿನ ನೊಣ. ಜಗಲಿಯಲ್ಲಿ ತೂಗುಹಾಕಿದ ಬಾಳೆಗೊನೆ ಕಳಿತಾಗ ಸುತ್ತುತ್ತದಲ್ಲ, ಅದೇ ಕೆಂಗಣ್ಣಿನ ಪುಟ್ಟ ಜೀವ. ಅದರ ಮೊಟ್ಟೆಯೊಡೆದು ಮರಿಹುಳು ಹೊರಬರಲು ಸುಮಾರು 24 ಗಂಟೆ ಸಾಕು. ಭ್ರೂಣದ ಎಲ್ಲ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು, ಅಂದರೆ ದೇಹ ಕಟ್ಟಲು ತಂದೆ-ತಾಯಿಯಿಂದ ಬರುವ ಸೂಚನೆಗಳು. ಯಾವುದು, ಎಲ್ಲಿ, ಯಾವಾಗ ಚಾಲೂ ಆಗುತ್ತದೆ ಎಂಬುದರಿಂದಲೇ ಒಂದು ಕಡೆ ಹೃದಯ, ಇನ್ನೊಂದು ಕಡೆ ಕರುಳು. 'ಟಿನ್‌ಮ್ಯಾನ್' ಎಂಬ ಜೀನ್ ಕೆಟ್ಟರೆ ನೊಣದ ಭ್ರೂಣದಲ್ಲಿ ಹೃದಯವೇ ಮೂಡದು. ಅದರ ಬಂಧುವಾದ ಜೀನ್ ನಮ್ಮಲ್ಲೂ ಇದೆ. ಅದರಲ್ಲಿ ದೋಷವಿದ್ದರೆ ಹುಟ್ಟಿನಿಂದಲೇ ಹೃದಯದ ತೊಂದರೆ ಬರಬಹುದು.

ತುಟಿಯೂ ಹೀಗೆಯೇ. ಗರ್ಭದ 4ರಿಂದ 7ನೇ ವಾರದೊಳಗೆ ಮುಖದ ಎರಡೂ ಬದಿಯ ಅಂಗಾಂಶ ಬಂದು ಬೆಸೆಯಬೇಕು. ಪೂರ್ತಿ ಬೆಸೆಯದಿದ್ದರೆ ಸೀಳು. ಜೀನ್‌ಗಳು, ತಾಯಿಯ ಧೂಮಪಾನ, ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು ಇದರ ಹಿಂದಿರಬಹುದು.

ನೀವೇ ಪರೀಕ್ಷಿಸಬಹುದು. ಪಂಚಾಂಗದಲ್ಲಿ ಗ್ರಹಣದ ದಿನ ನೋಡಿ, ತಾಯಿ ಕಾರ್ಡ್ ತೆಗೆದು ಆಗ ಎಷ್ಟನೇ ವಾರವಿತ್ತು ಎಣಿಸಿ. ಎಂಟನೇ ತಿಂಗಳಾಗಿದ್ದರೆ, ತುಟಿ ಕೂಡಿ ಆಗಲೇ ತಿಂಗಳುಗಳು ಕಳೆದಿರುತ್ತವೆ. ಗ್ರಹಣವೇ ಕಾಣದ ಊರುಗಳಲ್ಲೂ ಸೀಳುತುಟಿಯ ಮಕ್ಕಳು ಹುಟ್ಟುತ್ತಾರೆಯೇ ಎಂದು ವೈದ್ಯರನ್ನು ಕೇಳಿ.

ನನಗೆ ನೋವಾಗುವುದು ಇಲ್ಲಿ: ಅಂಥ ಮಗು ಹುಟ್ಟಿದರೆ ತಪ್ಪು ತಾಯಿಯ ತಲೆಗೆ ಬರುತ್ತದೆ. ಅವಳು ಏನೂ ಮಾಡಿಲ್ಲ. ಮಗುವಿನ ತುಟಿಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ.