ಬಳ್ಳಾರಿಯವರಿಗೇ ಗಣಿ ತೋರಿಸಿದರು

ಥಾಯ್ಲೆಂಡಿನಿಂದ ತಂದ ದಿಂಬಿಗೆ ಬಳ್ಳಾರಿಯಲ್ಲಿ ಕವರ್ ಸಿಗುತ್ತಿಲ್ಲ. ಆ ಕಡೆ ಉಬ್ಬು, ಈ ಕಡೆ ಉಬ್ಬು, ನಡುವೆ ತಗ್ಗು. ಅಂಗಡಿಯಲ್ಲಿ ಗಾಳಿ ಹೀರಿ, ಚಪ್ಪಟೆ ಮಾಡಿ, ಚಿಕ್ಕ ಪ್ಯಾಕೆಟ್ ಮಾಡಿ ಕೊಟ್ಟಿದ್ದರು. ಮನೆಯಲ್ಲಿ ಬಿಚ್ಚಿದ್ದೇ ತಡ, ಉಬ್ಬಿತು. ಇಟ್ಟುಕೊಂಡು ಮಲಗಿದರೆ ಕತ್ತು ಹಿಡಿಯುತ್ತದೆ. ಬಿಸಾಕೋಣ ಎಂದರೆ ಅಕ್ಕ ಪ್ರೀತಿಯಿಂದ ಕೊಡಿಸಿದ್ದು. ವಾರಕ್ಕೊಮ್ಮೆ ಫೋನ್ ಮಾಡಿ ದಿಂಬಿನ ಯೋಗಕ್ಷೇಮ ವಿಚಾರಿಸುತ್ತಾಳೆ.

ಹಡಗಿನ ಟೂರಿಗೆ ಹೋಗಿ ದಿಂಬು ಹೊತ್ತು ತಂದವರು ನಮ್ಮ ಹಾಗೆ ಇನ್ನೂ ಇರುತ್ತಾರೆ ಬಿಡಿ.

ಹಡಗು ಸಿಂಗಪುರದಿಂದ ಹೊರಟು ಥಾಯ್ಲೆಂಡಿನ ಫುಕೆಟ್, ಮಲೇಷ್ಯಾದ ಪೆನಾಂಗ್ ಮುಟ್ಟಿ ವಾಪಸ್ ಬರುವಂಥದ್ದು. ದಡ ಬಂದ ಮೇಲೆ ಊರು ನೋಡೋಕೆ ಎರಡು ದಾರಿ. ಒಂದು, ಹಡಗಿನವರೇ ಮಾರುವ ‘ಶೋರ್ ಎಕ್ಸ್‌ಕರ್ಷನ್’. ಇನ್ನೊಂದು, ನಮ್ಮ ಕಾಲು. ಕಾಲಿನ ವಿಷಯ ಹಡಗಿನಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಹೆದರಿಸೋಕೆ ಅಷ್ಟೇ. ಅವರ ಟೂರಿನ ಬಸ್ ತಡವಾದರೆ ಹಡಗು ಕಾಯುತ್ತದಂತೆ, ನಾವೇ ಸುತ್ತೋಕೆ ಹೋಗಿ ತಡ ಮಾಡಿದರೆ ಕಾಯುವುದಿಲ್ಲವಂತೆ. ಮಾತು ನಿಜವೇ. ಆದರೆ ಅದನ್ನು ಹೇಳುವ ಧಾಟಿ ಕೇಳಿದರೆ, ನಮ್ಮನ್ನು ಬಿಟ್ಟು ಹೋಗೋಕೇ ಕ್ಯಾಪ್ಟನ್ ಇಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದಾನೆ ಅನ್ನಿಸಬೇಕು.

ಅಕ್ಕ ಅಲ್ಲೇ ಬೆವತಳು. “ಬಟ್ಟೆಬರೆ ಹಡಗಿನಾಗೆ, ನಾವು ರೋಡಿನಾಗೆ ಆದ್ರೆ ಏನೋ ಗತಿ?” ಭಾವ ಎಲ್ಲರ ದುಡ್ಡೂ ಕಟ್ಟಿಬಿಟ್ಟರು.

ಅಕ್ಕನ ಹೆದರಿಕೆಗೆ ಒಂದು ಕಾರಣ ಇತ್ತು ಅನ್ನಿ. ನಮ್ಮ ಹಡಗು ಸಿಂಗಪುರದ ಟೈಮಿನಲ್ಲಿ ನಡೆಯುತ್ತಿತ್ತು. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ದಡದ ಟವರ್ ಸಿಕ್ಕ ಕೂಡಲೇ ಫೋನಿನ ಟೈಮ್ ತಾನಾಗಿಯೇ ಬದಲಾಗುತ್ತದೆ. ಫೋನು ನಂಬಿಕೊಂಡರೆ ಹಡಗು ಹೋದ ಮೇಲೆ ಬರುತ್ತೀರಿ. ಭಾವನ ವಾಚು ಮಾತ್ರ ಯಾವ ದೇಶಕ್ಕೂ ಬಗ್ಗಲಿಲ್ಲ. ಅದರಲ್ಲಿ ಬಳ್ಳಾರಿ ಟೈಮೇ. ಅವರಿಗೆ ಬೆಂಗಳೂರು ರೋಡಿನ ಹತ್ತಿರ ಜೀನ್ಸ್ ಅಂಗಡಿ ಇದೆ. “ಹುಡುಗ್ರು ಟೈಮಿಗೆ ಶಟರ್ ಎತ್ತಿದ್ರಾ ಇಲ್ವಾ, ನಂಗೆ ಗೊತ್ತಾಗ್ಬೇಕಲ್ಲಪ್ಪಾ.”

ಫುಕೆಟ್‌ನಲ್ಲಿ ಹಡಗು ಪಟಾಂಗ್ ಬೀಚಿನ ಎದುರಿಗೆ ನೀರಲ್ಲೇ ಲಂಗರು ಹಾಕಿತು. ಸಣ್ಣ ದೋಣಿಯಲ್ಲಿ ದಡಕ್ಕೆ, ಅಲ್ಲಿಂದ ಬಸ್ಸಿಗೆ. ಗೈಡ್ ನಗುನಗುತ್ತಾ ಬಂದು ತನ್ನ ಹೆಸರು ರಾಜು ಅಂದ. ಖಂಡಿತ ಅಲ್ಲ. ವಾಟ್ ಚಲೋಂಗ್ ದೇವಸ್ಥಾನದಲ್ಲಿ ಚಪ್ಪಲಿ ಬಿಚ್ಚಿ, ಹಾಕಿಕೊಳ್ಳುವಷ್ಟು ಟೈಮ್ ಕೊಟ್ಟ. ಗುಡ್ಡದ ಮೇಲೆ 45 ಮೀಟರ್ ಎತ್ತರದ ಬಿಳಿ ಬುದ್ಧ ಇದ್ದಾನೆ. ಅವನನ್ನು ಬಸ್ ಕಿಟಕಿಯಿಂದ ತೋರಿಸಿದ. ನಾನು ಫೋನ್ ತೆಗೆಯುವಷ್ಟರಲ್ಲಿ ಬುದ್ಧ ತಿರುವಿನ ಹಿಂದೆ ಹೋದ. ಆಮೇಲೆ ರಾಜು ಕೈಗಡಿಯಾರ ನೋಡುವುದನ್ನೇ ಬಿಟ್ಟ. ಅಂಗಡಿಗಳು ಶುರುವಾದವು.

ಗೋಡಂಬಿ ಅಂಗಡಿಯಲ್ಲಿ ಗೋಡಂಬಿ ತಿಂದೆವು, ಚೆನ್ನಾಗಿತ್ತು. ಜೇನಿನ ಅಂಗಡಿಯಲ್ಲಿ ಜೇನು ನೆಕ್ಕಿದೆವು. ರಬ್ಬರ್ ಹಾಲಿನ ದಿಂಬಿನ ಕಥೆ ನಿಮಗೆ ಗೊತ್ತೇ ಇದೆ. ಆದರೆ ಹರಳಿನ ಅಂಗಡಿಯನ್ನು ಇಷ್ಟು ಸುಲಭಕ್ಕೆ ಬಿಡೋಕಾಗಲ್ಲ.

ಮೊದಲು ಒಂದು ಕತ್ತಲೆ ಕೋಣೆಗೆ ಕರೆದೊಯ್ದರು. ಅಲ್ಲಿ ಗಣಿಯ ಸಿನಿಮಾ. ಮಣ್ಣು ಅಗೆಯುತ್ತಾರೆ, ಜರಡಿ ಹಿಡಿಯುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ. ಭಾವ ಕತ್ತಲಲ್ಲೇ ಗಟ್ಟಿಯಾಗಿ ಅಂದರು, “ಯಪ್ಪಾ, ನಾವು ಬಳ್ಳಾರಿಯವರು! ನಮಗೆ ಗಣಿ ತೋರಿಸ್ತಾರಲ್ಲೋ ಇವ್ರು!” ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳನ್ನು ವರ್ಷಾನುಗಟ್ಟಲೆ ಕುಡಿದ ನಮಗೆ ದುಡ್ಡು ತಗೊಂಡು ಗಣಿ ತೋರಿಸುವುದು ಸಣ್ಣ ಧೈರ್ಯವಲ್ಲ.

ಸಿನಿಮಾ ಮುಗಿದು ಬಾಗಿಲು ತೆಗೆದರೆ ಎದುರಿಗೆ ಕಣ್ಣು ಕುಕ್ಕುವ ಶೋರೂಮು. ಒಂದೊಂದು ಕುಟುಂಬದ ಹಿಂದೆ ಒಬ್ಬೊಬ್ಬ ಸೇಲ್ಸ್ ಹುಡುಗಿ. ಭಾವ ಬೀಳಲ್ಲ ಎಂದುಕೊಂಡಿದ್ದೆ. ಅವರೇ ದಿನವಿಡೀ ಗಿರಾಕಿ ಬೀಳಿಸುವವರು ಅಲ್ವಾ? ಆದರೆ ಭಾವ ಅಲ್ಲಿ ಗಿರಾಕಿಯಾಗಿ ನಿಂತಿರಲೇ ಇಲ್ಲ. ಪಾಠಕ್ಕೆ ನಿಂತಿದ್ದರು. “ನೋಡು, ಮೊದ್ಲು ಕೂರಿಸಿದ್ಲು. ಈಗ ಜ್ಯೂಸ್ ಬರ್ತೈತೆ ನೋಡು.” ಜ್ಯೂಸ್ ಬಂತು. “ಈಗ ದೊಡ್ಡ ರೇಟಿಂದು ತೋರಿಸ್ತಾಳೆ. ಆಮೇಲೆ ಸಣ್ಣದು ಸಸ್ತಾ ಕಾಣ್ತೈತೆ.” ಹಾಗೇ ಆಯಿತು. ಭಾವನ ಮುಖದಲ್ಲಿ ಹೆಮ್ಮೆ. “ಏನ್ ಟ್ರೇನಿಂಗೋ ಇದು! ನಮ್ಮ ಹುಡುಗ್ರು ಇದಾರಲ್ಲ, ಗಿರಾಕಿ ಬಂದ್ರೆ ಮೊಬೈಲಿಂದ ತಲಿ ಎತ್ತಲ್ಲ.”

ಅವಳಿಗೆ ಕನ್ನಡ ಬಾರದು, ಇವರಿಗೆ ಥಾಯ್ ಬಾರದು. ನಡುವೆ ಒಂದು ಕ್ಯಾಲ್ಕುಲೇಟರ್. ಅವಳು ಒಂದು ಸಂಖ್ಯೆ ಒತ್ತಿ ತಿರುಗಿಸಿದಳು. ಭಾವ ನಕ್ಕು, ಅಳಿಸಿ, ತಮ್ಮದೊಂದು ಒತ್ತಿದರು. ಅವಳು ಎದೆ ಮೇಲೆ ಕೈ ಇಟ್ಟುಕೊಂಡು ನೊಂದಳು. ಇವರು ಎದ್ದು ನಿಂತರು. ಅವಳು ಕೂರಿಸಿದಳು. ಮತ್ತೆ ಕ್ಯಾಲ್ಕುಲೇಟರ್ ಆ ಕಡೆ, ಈ ಕಡೆ. ಮ್ಯಾನೇಜರ್ ಬಂದ. ಬಸ್ಸಿನ ಉಳಿದವರೂ ಬಂದು ಸುತ್ತ ನಿಂತರು. ಗೈಡ್ ರಾಜು ಅತ್ಯಂತ ಶಾಂತವಾಗಿದ್ದ. ದೇವಸ್ಥಾನದಲ್ಲಿ ನಾವು ಎರಡು ಫೋಟೋ ಜಾಸ್ತಿ ತೆಗೆದಾಗ ಚಡಪಡಿಸಿದ್ದ ಅದೇ ರಾಜು!

ಕೊನೆಗೆ ಭಾವ ಗೆದ್ದರು. ಗೆದ್ದಿದ್ದಕ್ಕೆ ಶಿಕ್ಷೆ, ಒಂದು ನೀಲಿ ಹರಳಿನ ಉಂಗುರ.

“ಅರ್ಧಕ್ಕೆ ಇಳಿಸಿದೆ ಕಣೋ!” ಎಂದರು ಬಸ್ಸಿನಲ್ಲಿ.

“ಯಾವುದರ ಅರ್ಧ ಭಾವಾ?” ಎಂದೆ. ಹಡಗು ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಪೆನಾಂಗ್‌ನಲ್ಲಿ ನಾನೂ ನನ್ನ ಹೆಂಡತಿಯೂ ಬಸ್ ಹತ್ತಲಿಲ್ಲ. ಅಲ್ಲಿ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್ ಇರುವುದೇ ಜಾರ್ಜ್‌ಟೌನ್ ಊರಿನ ಅಂಚಿನಲ್ಲಿ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೇ ಊರದು. ಗೇಟ್ ದಾಟಿ ಸ್ವಲ್ಪ ನಡೆದರೆ ಗಡಿಯಾರದ ಗೋಪುರ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 1897ರಲ್ಲಿ 60 ವರ್ಷ ತುಂಬಿದ ನೆನಪಿಗೆ, ವರ್ಷಕ್ಕೊಂದು ಅಡಿಯಂತೆ 60 ಅಡಿ ಕಟ್ಟಿದ್ದಾರೆ. “ನಿಮ್ಮ ಭಾವನಿಗೆ ಹೇಳ್ಬೇಡಿ, 30ಕ್ಕೆ ಇಳಿಸ್ತಾರೆ” ಎಂದಳು ಹೆಂಡತಿ.

ಅದರ ಪಕ್ಕದಲ್ಲೇ ಫೋರ್ಟ್ ಕಾರ್ನ್‌ವಾಲಿಸ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಂಡೆ. ಅವನೇ! 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಿತ್ತುಕೊಂಡವನು. ಇಷ್ಟು ದೂರ ಬಂದರೂ ಪರೀಕ್ಷೆಯ ಪ್ರಶ್ನೆ ಬಿಡಲಿಲ್ಲ. 1786ರಲ್ಲಿ ಇಲ್ಲಿಗೆ ಬಂದಿಳಿದ, ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್‌ನ ಒಂದು ಕಥೆ ಹೇಳುತ್ತಾರೆ. ಕಾಡು ಕಡಿಯೋಕೆ ಆಳುಗಳು ಮನಸ್ಸು ಮಾಡಲಿಲ್ಲವಂತೆ. ಅವನು ಫಿರಂಗಿಗೆ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಕ್ಕೆ ಹಾರಿಸಿದನಂತೆ. ನಾಣ್ಯ ಹುಡುಕುತ್ತಾ ಜನ ಕಾಡು ಕಡಿದರಂತೆ. ಆಫರ್ ಕೊಟ್ಟು ಗಿರಾಕಿ ಎಳೆಯುವ ಕೆಲಸ ಆ ಊರಿನಲ್ಲಿ ಅಷ್ಟು ಹಳೆಯದು.

ಹಾಗೇ ನಡೆದು ಲಿಟಲ್ ಇಂಡಿಯಾಕ್ಕೆ ಹೋದೆವು. 1833ರ ಮಾರಿಯಮ್ಮನ ಗುಡಿ ನೋಡಿದೆವು. ಬೇಕಾದಷ್ಟು ಹೊತ್ತು ಕೂತೆವು, ಯಾರೂ ಬಾವುಟ ಬೀಸಲಿಲ್ಲ. ಹೋಟೆಲಿನವನು ತಮಿಳು. ನಾವು ಅರ್ಧ ತೆಲುಗು, ಅರ್ಧ ಕನ್ನಡ. ವಡೆ ಬಂತು. ಎತ್ತರದಿಂದ ಎಳೆದು ಸುರಿಯುವ ಟೀ ಬಂತು. ಹಡಗಿಗೆ ಗಂಟೆ ಮುಂಚೆಯೇ ಬಂದು ಮೇಲಿನ ಡೆಕ್ಕಿನಲ್ಲಿ ನಿಂತು ಭಾವನ ಬಸ್ಸಿಗೆ ಕಾದೆವು. ಕೊನೆಯ ಬಸ್ಸು ಅವರದೇ.

“ಏನ್ ನೋಡಿದ್ರಿ?” ಎಂದರು ಭಾವ. ಎಲ್ಲ ಹೇಳಿದೆ.

“ಏನ್ ತಂದ್ರಿ?”

“ಏನೂ ಇಲ್ಲ.”

“ಮತ್ತೇನ್ ನೋಡಿದ್ರಿ?” ಎಂದು ಚಾಕೊಲೇಟಿನ ಚೀಲ ಇನ್ನೊಂದು ಕೈಗೆ ಬದಲಾಯಿಸಿದರು.

ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರನ್ನು ಬಳ್ಳಾರಿ ಕೋಟೆ ಗುಡ್ಡ ಹತ್ತಿಸುತ್ತಿದ್ದರು. ಅಲ್ಲಿ ಕೊಳ್ಳೋಕೆ ಏನೂ ಇರಲಿಲ್ಲ. ಬಂಡೆಯ ನಡುವೆ ಮಳೆ ನೀರು ನಿಲ್ಲುವ ಹೊಂಡಗಳು, ಗಾಳಿ, ಎದುರಿಗೆ ಕುಂಬಾರ ಗುಡ್ಡ. ಹೈದರಾಲಿ ಫ್ರೆಂಚ್ ಇಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದನಂತೆ. ಆಮೇಲೆ ನೋಡಿದರೆ ಕುಂಬಾರ ಗುಡ್ಡವೇ ಎತ್ತರ. ಇಂಜಿನಿಯರನ್ನು ಗಲ್ಲಿಗೆ ಹಾಕಿಸಿದನಂತೆ. ಅಪ್ಪ ಪ್ರತಿ ಸಲವೂ ಇದನ್ನು ಹೊಸದಾಗಿ ಹೇಳುತ್ತಿದ್ದರು. ಅಕ್ಕ ಪ್ರತಿ ಸಲವೂ “ಪಾಪ” ಅನ್ನುತ್ತಿದ್ದಳು. ಕೆಳಗಿಳಿದು ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದರೆ ಟೂರು ಮುಗಿಯಿತು. ಅದೇ ಅಕ್ಕ ಈಗ ಹೆದರಿ ಬಸ್ಸಿನೊಳಗೇ ಕೂರುತ್ತಾಳೆ.

ಭಾವನ ಪಾಠ ಮಾತ್ರ ವ್ಯರ್ಥವಾಗಿಲ್ಲ. ಮೊನ್ನೆ ದಾವಣಗೆರೆಯಿಂದ ನೆಂಟರು ಕೋಟೆ ನೋಡೋಕೆ ಬಂದಿದ್ದರು. “ದಾರ್ಯಾಗೇ ನಮ್ಮ ಅಂಗಡಿ, ಐದೇ ನಿಮಿಷ” ಎಂದು ಭಾವ ಕರೆದೊಯ್ದರು. ಕೂರಿಸಿದರು. ಜ್ಯೂಸ್ ಬಂತು. ಕೌಂಟರಿನ ಮೇಲೆ ಹೊಸ ಕ್ಯಾಲ್ಕುಲೇಟರ್! ಕನ್ನಡದವರಿಗೆ ಕನ್ನಡದವರು ರೇಟನ್ನು ಬಾಯಲ್ಲಿ ಹೇಳದೆ ಒತ್ತಿ ತೋರಿಸುವುದನ್ನು ನಾನು ಕಣ್ಣಾರೆ ಕಂಡೆ. ಎಲ್ಲರಿಗೂ ಪ್ಯಾಂಟ್ ಆಗುವ ಹೊತ್ತಿಗೆ ನಡು ಮಧ್ಯಾಹ್ನ. ಬಳ್ಳಾರಿ ಬಿಸಿಲು ಗೊತ್ತಲ್ಲ? ಗುಡ್ಡ ಹತ್ತುವ ಮಾತೇ ಇಲ್ಲ. ಕೋಟೆಯನ್ನು ಕಾರಿನ ಕಿಟಕಿಯಿಂದ ತೋರಿಸಿದರು.

ಬರುವ ಭಾನುವಾರ ಹೆಂಡತಿಯ ತವರಿನವರು ಬರುತ್ತಿದ್ದಾರೆ. ಬೆಳಗಿನ ರೈಲಿಗೇ ಬನ್ನಿ, ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ನನಗೆ ಮಾತ್ರ ಫೋನ್ ಮಾಡಿ ಎಂದು ಹೇಳಿಟ್ಟಿದ್ದೇನೆ. ಅಲ್ಲಿಂದ ಸೀದಾ ಗುಡ್ಡಕ್ಕೆ. ಭಾವನ ಅಂಗಡಿ ಬಾಗಿಲು ತೆಗೆಯುವುದು ಹತ್ತು ಗಂಟೆಗೆ.