ಮರಗಟ್ಟಿಸೋ ಜೆಲ್ ಹಚ್ಕೊಂಡ್ರೆ ಸೇಫ್ ಅಲ್ಲ: ಸ್ಪಷ್ಟನೆ

ಫಸ್ಟ್ ಟೈಮ್ ಆನಲ್ ಸೆಕ್ಸ್ (ಗುದದ್ವಾರದಲ್ಲಿ) ಟ್ರೈ ಮಾಡೋರು ಲಿಗ್ನೋಕೇನ್ ಅನ್ನೋ ಮರಗಟ್ಟಿಸೋ ಜೆಲ್ ಹಚ್ಕೊಂಡು ಮೇಲೆ ಕೊಬ್ಬರಿ ಎಣ್ಣೆ ಸವರಿದ್ರೆ ನೋವೇ ಆಗಲ್ಲ ಅಂತ ಬೆಂಗಳೂರಿನ ವಾಟ್ಸಾಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ನಂಬ್ಬೇಡಿ ಕಣ್ರೀ. ನೋವು ಅಂದ್ರೆ ನಿಲ್ಸು ಅಂತ ಮೈ ಹೇಳೋದು, ಅದರ ಬಾಯಿ ಮುಚ್ಚಿಸಿದ್ರೆ ಒಳಗೆ ಸೀಳಿದ್ರೂ ಗೊತ್ತಾಗಲ್ಲ, ಬೆಳಗ್ಗೆ ಟಾಯ್ಲೆಟ್‌ಗೆ ಕೂತಾಗ್ಲೇ ಗೊತ್ತಾಗೋದು. ಎಣ್ಣೆ ಅಂತೂ ಲೇಟೆಕ್ಸ್ ಕಾಂಡೋಮ್‌ನೇ ಹಾಳ್ಮಾಡತ್ತೆ. ಆ ಜಾಗದಲ್ಲಿ ಜಾರೋಕೆ ಬೇಕಾದಷ್ಟು ತೇವ ತಾನಾಗೇ ಬರಲ್ಲ, ಅದಕ್ಕೇ ವಾಟರ್ ಬೇಸ್ಡ್ ಲೂಬ್ (ಜಾರಿಸೋ ಜೆಲ್) ಧಾರಾಳವಾಗಿ ಹಾಕಿ, ಒಣಗಿದ್ರೆ ಮತ್ತೆ ಹಾಕಿ (ಅಂಗಡೀಲಿ ಕೇಳೋಕೆ ನಾಚ್ಕೆ ಆದ್ರೆ ಡೆಲಿವರಿ ಆ್ಯಪಲ್ಲೂ ಸಿಗತ್ತೆ).

ಅಲ್ಲಿ ಎರಡು ಸ್ನಾಯು ಇದೆ, ಹೊರಗಿಂದು ನಮ್ಮ ಮಾತು ಕೇಳತ್ತೆ, ಒಳಗಿಂದು ಕೇಳಲ್ಲ, ಅದು ತಾನೇ ಸಡಿಲ ಆಗೋವರೆಗೂ ಕಾಯ್ಬೇಕು. ಉಗುರು ಕತ್ತರಿಸಿದ ಒಂದೇ ಬೆರಳು, ತುದಿ ಮಾತ್ರ ಇಟ್ಟು, ನಿಧಾನಕ್ಕೆ ಉಸಿರು ಬಿಡ್ತಾ ಹಂಗೇ ಇರಿ, ಅದು ಆರಾಮ ಅನ್ಸಿದ್ಮೇಲೆ ಮುಂದಿನ ಹೆಜ್ಜೆ, ಅದೂ ಇವತ್ತೇ ಆಗ್ಬೇಕು ಅಂತೇನಿಲ್ಲ. ಸೆಕ್ಸ್ ಟಾಯ್ ಆದ್ರೆ ಬುಡ ಅಗಲ ಇರ್ಲೇಬೇಕು, ಇಲ್ಲಾಂದ್ರೆ ಒಳಗೇ ಸೇರ್ಕೊಂಡು ಆಸ್ಪತ್ರೆಗೆ ಓಡ್ಬೇಕಾಗತ್ತೆ. ಅಲ್ಲಿಂದ ಯೋನಿಗೆ ಹೋಗೋದಾದ್ರೆ ಕಾಂಡೋಮ್ ಬದಲಾಯ್ಸಿ. ರಕ್ತ ನಿಲ್ತಿಲ್ಲ, ಇಲ್ಲಾ ನೋವು ಜೋರಾಗ್ತಿದೆ ಅಂದ್ರೆ ಡಾಕ್ಟರ್ ಹತ್ರ ಹೋಗಿ, ಏನಾಯ್ತು ಅಂತ ಮುಚ್ಚಿಡದೆ ಹೇಳಿ.