ಪಂಚನಾಮೆ ಪೊಲೀಸರು ಮಾಡಲಿ, ನಾವು ಬೇಡ

ಆತ್ಮಹತ್ಯೆಯಾದ ಮನೆಗೆ ಮಾತಾಡಿಸಲು ಹೋದವರು ಚಪ್ಪಲಿ ಬಿಡುವಷ್ಟರಲ್ಲೇ ಕೇಳುವ ಪ್ರಶ್ನೆ ಒಂದೇ: "ಯಾಕಂತೆ?" ಮನೆಯವರನ್ನು ನೇರವಾಗಿ ಕೇಳಲು ಧೈರ್ಯ ಸಾಲದಿದ್ದರೆ ಹೊರಗೆ ಶಾಮಿಯಾನದ ಕೆಳಗೆ ಕೂತವರನ್ನು ಕೇಳುತ್ತಾರೆ. ಸಾಲ ಇತ್ತಾ? ಹೆಂಡ್ತಿ ಜೊತೆ ಸರಿ ಇರಲಿಲ್ವಾ? ಕುಡೀತಿದ್ನಾ? ಹೋದವಳು ಹುಡುಗಿಯಾದರೆ ಪ್ರಶ್ನೆಗಳೇ ಬೇರೆ, ಅವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಹಾರ್ಟ್ ಅಟ್ಯಾಕ್ ಆಗಿ ಹೋದವರ ಮನೆಯಲ್ಲಿ "ಎಂಥ ಒಳ್ಳೆಯ ಮನುಷ್ಯ" ಅನ್ನುವ ಮಾತು ತಾನಾಗಿ ಬರುತ್ತದೆ. ಇಲ್ಲಿ ಅದಕ್ಕೆ ಸರದಿಯೇ ಬರುವುದಿಲ್ಲ. ಅವರು ಬದುಕಿದ ಅಷ್ಟೂ ವರ್ಷ ಮರೆತುಹೋಗಿ ಕೊನೆಯ ದಿನ ಮಾತ್ರ ಉಳಿಯುತ್ತದೆ.

ನಮ್ಮ ಚಿಕ್ಕಪ್ಪನ ಮಗ, ನನಗೆ ಅಣ್ಣನಾಗಬೇಕು, ಹೀಗೆ ಹೋದ. ಕೆಲವು ವರ್ಷ ಕಳೆದ ಮೇಲೆ ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಗೆಳೆಯನೂ ಹೋದ. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ಹೇಳುತ್ತಿದ್ದೇನೆ. ಇಂಥ ಸಾವಿನಲ್ಲಿ ಉಳಿದವರಿಗೆ ಸುಮ್ನೆ ಕೂತು ಅಳಲು ಬಿಡುವವರು ತೀರಾ ಕಡಿಮೆ.

ಕಾನೂನಿನ ಪ್ರಕಾರ ತನಿಖೆ ಆಗಲೇಬೇಕು, ಅದರಲ್ಲಿ ತಪ್ಪಿಲ್ಲ. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ, ಪಂಚರ ಸಹಿ ಬೀಳುತ್ತದೆ, ಪೋಸ್ಟ್ ಮಾರ್ಟಂ ಮುಗಿದ ಮೇಲೆ ದೇಹ ಕೈಗೆ ಬರುತ್ತದೆ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳಾದರೆ ತಹಶೀಲ್ದಾರರೇ ಬರುತ್ತಾರೆ. ರೈತನಾದರೆ ಪರಿಹಾರದ ಫೈಲಿಗೆ ಸಾಲದ ಕಾಗದ ಬೇಕು, ಸಮಿತಿ ಕೂತು ಒಪ್ಪಬೇಕು. ಇಷ್ಟೆಲ್ಲ ಪ್ರಶ್ನೆಗೆ ಉತ್ತರ ಕೊಟ್ಟು ಬಂದ ಹೆಂಗಸಿಗೆ ಮನೆಯಲ್ಲೂ ಅದೇ ಪ್ರಶ್ನೆ ಕೇಳಿದರೆ ಅವಳು ಎಲ್ಲಿಗೆ ಹೋಗಬೇಕು?

ಆ ಕಾರಣ ಅನ್ನುವುದನ್ನೇ ಸ್ವಲ್ಪ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ತೀರಿಕೊಂಡರು, ಅದರಲ್ಲಿ 13,606 ಜನ ಕರ್ನಾಟಕದವರು. ಕಾರಣಗಳ ಪಟ್ಟಿಯಲ್ಲಿ ಮೊದಲಿರುವುದು ಕೌಟುಂಬಿಕ ಸಮಸ್ಯೆ, ಶೇ 31.7. ಆಮೇಲೆ ಕಾಯಿಲೆ. ಒಬ್ಬ ಮನುಷ್ಯನಿಗೆ ಒಂದು ಖಾನೆ. ಆದರೆ ಕೌಟುಂಬಿಕ ಸಮಸ್ಯೆ ಇಲ್ಲದ ಕುಟುಂಬ ಯಾವುದು ಹೇಳಿ? ಸಾಲ, ಜಗಳ, ನಿದ್ದೆ ಬಾರದ ರಾತ್ರಿಗಳು, ಯಾರಿಗೂ ಹೇಳದ ಖಿನ್ನತೆ, ಕುಡಿತ, ಇವೆಲ್ಲ ಕಲಸಿಕೊಂಡಿರುತ್ತವೆ. ಅದೇ ಪಟ್ಟಿಯಲ್ಲಿ "ಕಾರಣ ತಿಳಿದಿಲ್ಲ" ಅಂತಲೂ ಒಂದು ಸಾಲಿದೆ. ಸರ್ಕಾರಿ ವರದಿಗೇ ಹಾಗೆ ಬರೆದು ಮುಂದಕ್ಕೆ ಹೋಗಲು ಸಾಧ್ಯವಿದೆ. ನೆಂಟರಿಗೆ ಮಾತ್ರ ಆಗುವುದಿಲ್ಲ. ಹನ್ನೊಂದನೇ ದಿನದ ಊಟದ ಹೊತ್ತಿಗೆ ಒಂದು ಕಾರಣ ತೀರ್ಮಾನವಾಗಿರುತ್ತದೆ, ಮತ್ತು ಅದು ಯಾವಾಗಲೂ ಒಬ್ಬರ ತಲೆ ಮೇಲೇ ಕೂರುತ್ತದೆ. ಜಾಸ್ತಿ ಸಲ ಹೆಂಡತಿಯ ತಲೆ ಮೇಲೆ.

ಹೊರಗಿನವರ ಪ್ರಶ್ನೆ ಒಂದಲ್ಲ ಒಂದು ದಿನ ನಿಲ್ಲುತ್ತದೆ. ನಮ್ಮೊಳಗಿನದು ನಿಲ್ಲುವುದಿಲ್ಲ. ನನ್ನ ಗೆಳೆಯನ ಕೊನೆಯ ವಾಟ್ಸಾಪ್ ಮೆಸೇಜ್ ಒಂದು ಜೋಕ್. ಅದನ್ನು ನಾವೆಲ್ಲ ಗ್ರೂಪಿನಲ್ಲಿ ಓದಿ ನಕ್ಕಿದ್ದೆವು. ಆಮೇಲೆ ಅದೇ ಜೋಕಿನಲ್ಲಿ ಸುಳಿವು ಹುಡುಕಿದೆವು. ಹುಡುಕಿದರೆ ಸಿಗುತ್ತದೆ, ಎಲ್ಲದರಲ್ಲೂ ಸಿಗುತ್ತದೆ. ಆದರೆ ಬದುಕಿರುವವರ ಮೆಸೇಜುಗಳಲ್ಲೂ ಅಂಥದ್ದೇ ಮಾತು ಇರುತ್ತವೆ, ಅವನ್ನು ಯಾರೂ ತೆಗೆದು ನೋಡುವುದಿಲ್ಲ ಅಷ್ಟೇ. ಅಂತ್ಯ ಗೊತ್ತಾದ ಮೇಲೆ ಎಲ್ಲವೂ ಸುಳಿವಾಗಿ ಕಾಣುತ್ತದೆ. ಅವತ್ತಿನ ನಮಗೆ ಅಂತ್ಯ ಗೊತ್ತಿರಲಿಲ್ಲ.

ಸಿಟ್ಟೂ ಬರುತ್ತದೆ. ಹೋದವನ ಮೇಲೇ ಬರುತ್ತದೆ. "ನಮ್ಮನ್ನೆಲ್ಲ ಹೀಗೆ ಬಿಟ್ಟು ಹೋದನಲ್ಲ" ಅಂತ ನನ್ನ ಅತ್ತಿಗೆ ಒಂದು ದಿನ ಕೂಗಾಡಿದಾಗ ಹಿರಿಯರೊಬ್ಬರು ಸತ್ತವರಿಗೆ ಹಾಗೆ ಅನ್ನಬಾರದು ಎಂದು ಬಾಯಿ ಮುಚ್ಚಿಸಿದರು. ಯಾಕೆ ಅನ್ನಬಾರದು? ಪ್ರೀತಿ ಇದ್ದ ಕಡೆಯೇ ಇಷ್ಟು ಸಿಟ್ಟು ಬರುವುದು. ಇನ್ನು ಕೆಲವರಿಗೆ, ವರ್ಷಗಟ್ಟಲೆ ಕಾಯಿಲೆಯವರನ್ನು ಹಗಲು ರಾತ್ರಿ ಕಾದು ಸುಸ್ತಾದವರಿಗೆ, ಒಂದು ಥರದ ನಿರಾಳವೂ ಆಗುತ್ತದೆ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ತಮ್ಮನ್ನೇ ಪಾಪಿಗಳು ಅಂದುಕೊಳ್ಳುತ್ತಾರೆ. ನೀವು ಪಾಪಿಗಳಲ್ಲ. ದಣಿದಿದ್ದೀರಿ.

ಗೆಳೆಯರ ವಿಷಯ ಬೇರೆಯೇ. ನಮಗೆ ಸೂತಕ ಇಲ್ಲ. ಆಫೀಸಿನಲ್ಲಿ ರಜೆ ಕೇಳಿದರೆ "ನಿಮಗೆ ಏನಾಗಬೇಕು?" ಅನ್ನುತ್ತಾರೆ. ಏನೂ ಆಗಬೇಕಿಲ್ಲ ಸಾರ್, ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೆವು. ಅವನ ಮನೆಗೆ ಹೋದರೆ ಅಲ್ಲಿ ನಮ್ಮನ್ನು ನೋಡುವ ರೀತಿಯೂ ಬೇರೆ. ಇವರಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಅನ್ನುವ ಅನುಮಾನ. ಮಗನನ್ನು ಕಳೆದುಕೊಂಡವರು, ಅವರ ಮೇಲೆ ನನಗೆ ಬೇಜಾರಿಲ್ಲ. ಆದರೆ ಆ ಊರಿಂದ ವಾಪಸ್ ಬರುವ ಬಸ್ಸಿನಲ್ಲಿ ನಾವು ಐದಾರು ಜನ ಒಬ್ಬರಿಗೊಬ್ಬರು ಮಾತಾಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಬ್ಬನ ರೂಮಿನಲ್ಲಿ ಸೇರಿ ಅವನ ಕಥೆಗಳನ್ನು ಹೇಳಿಕೊಂಡು ಬೆಳಗಿನ ಜಾವದವರೆಗೂ ಕೂತಿದ್ದೆವು. ಮೆಸ್ಸಿನ ಉಪ್ಪಿಟ್ಟಿನ ಬಗ್ಗೆ ಅವನು ವಾರ್ಡನ್‌ಗೆ ಬರೆದ ಅರ್ಜಿ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಹೋದ ಮೇಲೆ ನನಗೆ ಉಸಿರಾಡಿದಂತೆ ಅನಿಸಿದ್ದು ಅವತ್ತೇ.

ಮನೆಗಳಲ್ಲಿ ಇದೇ ಆಗುವುದಿಲ್ಲ. ಹೆಸರನ್ನೇ ಎತ್ತುವುದಿಲ್ಲ. ನನ್ನ ಚಿಕ್ಕಮ್ಮ ಬಂದರೆ ಮಾತು ನಿಲ್ಲುತ್ತದೆ. "ನನ್ ಮಗ ಏನ್ ಕಳ್ಳತನ ಮಾಡಿ ಹೋಗಿದಾನಾ, ಹೆಸರು ಹೇಳೋಕ್ಕೆ ಹೆದರ್ತೀರಲ್ಲ?" ಅಂತ ಒಮ್ಮೆ ಕೇಳಿಯೇ ಬಿಟ್ಟರು. ಪಿತೃಪಕ್ಷದಲ್ಲಿ ಎಡೆ ಇಡುವಾಗಲೂ ದುರ್ಮರಣ, ಎಲ್ಲರ ಜೊತೆ ಬೇಡ ಅನ್ನುವ ಮಾತು ಬಂತು. ನಮ್ಮ ಪಂಚಾಂಗ ಇವರಿಗಿಂತ ಮೆದು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಘಾತ ಚತುರ್ದಶಿ, ಅಸಹಜವಾಗಿ ಹೋದವರಿಗೇ ಇಟ್ಟ ದಿನ. ಚಿಕ್ಕಮ್ಮ ಅದಕ್ಕೂ ಕಾಯಲಿಲ್ಲ. ಎಲ್ಲರ ಫೋಟೋ ಸಾಲಿನಲ್ಲೇ ಅವನದನ್ನೂ ಇಟ್ಟು ಅವನಿಗೆ ಇಷ್ಟವಾದ ನಾಟಿಕೋಳಿ ಸಾರು ಬಡಿಸಿದರು. ಯಾರೂ ಬಾಯಿ ಬಿಡಲಿಲ್ಲ.

ಮಕ್ಕಳಿಗೆ ಏನು ಹೇಳುವುದು ಅನ್ನುವುದು ಇನ್ನೂ ಕಷ್ಟ. ಅಣ್ಣನ ಮಗಳಿಗೆ ಮೊದಲು "ಅಪ್ಪ ದೂರದ ಊರಿಗೆ ಹೋಗಿದಾರೆ" ಅಂದಿದ್ದರು. ಮಗು ದಿನಾ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಕೊನೆಗೆ ಸ್ಕೂಲಿನ ಇನ್ನೊಂದು ಮಗು ವಿಷಯ ಹೇಳಿತು, ಅದರ ಮನೆಯವರು ಆಡಿಕೊಂಡ ಭಾಷೆಯಲ್ಲೇ. ಮಾನಸಿಕ ತಜ್ಞರು ಹೇಳುವುದೂ ಇದನ್ನೇ: ವಿವರ ಬೇಡ, ಆದರೆ ಸುಳ್ಳೂ ಬೇಡ. ಅಪ್ಪನ ಮನಸ್ಸಿಗೆ ತುಂಬಾ ಹುಷಾರಿರಲಿಲ್ಲ, ಅವರು ತೀರಿಕೊಂಡರು, ನಿನ್ನಿಂದ ಏನೂ ಆಗಿದ್ದಲ್ಲ. ಆ ಕೊನೆಯ ಮಾತನ್ನು ಮತ್ತೆ ಮತ್ತೆ ಹೇಳಬೇಕು.

ಅಮೆರಿಕದ ಸೆನೆಟರ್ ಆಗಿದ್ದ ಹ್ಯಾರಿ ರೀಡ್ ಅವರ ತಂದೆ 1972ರಲ್ಲಿ ಹೀಗೆ ತೀರಿಕೊಂಡರು. ಅಷ್ಟು ದೊಡ್ಡ ರಾಜಕಾರಣಿ ಆ ವಿಷಯವನ್ನು ತುಂಬಾ ವರ್ಷ ಹೊರಗೆ ಹೇಳಿಕೊಳ್ಳಲಿಲ್ಲ. 1999ರಲ್ಲಿ ಅವರೇ ನಿರ್ಣಯ ತಂದು, ಹೀಗೆ ತಮ್ಮವರನ್ನು ಕಳೆದುಕೊಂಡವರಿಗಾಗಿ ನವೆಂಬರ್‌ನಲ್ಲಿ ಒಂದು ಶನಿವಾರ ಗೊತ್ತುಮಾಡಿದರು. ಆ ದಿನ ಅಂಥವರು ಒಂದು ಕಡೆ ಸೇರುತ್ತಾರೆ, ಮಾತಾಡುತ್ತಾರೆ. ನಮ್ಮ ತಾಲೂಕುಗಳಲ್ಲಿ ಸ್ತ್ರೀಶಕ್ತಿ ಸಂಘ ಇದೆ, ಭಜನಾ ಮಂಡಳಿ ಇದೆ. ಇದಕ್ಕೊಂದು ಜಾಗ ಮಾಡುವುದು ಅಷ್ಟು ಕಷ್ಟದ್ದೇನಲ್ಲ.

ಒಂದು ವಿಷಯ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಬೇಕು. ಹೀಗೆ ಕಳೆದುಕೊಂಡವರಿಗೆ ತಮಗೂ ಅಂಥ ಯೋಚನೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಬಂದರೆ ಒಬ್ಬರೇ ಇರಬೇಡಿ. ನಂಬುವವರನ್ನು ಈಗಲೇ ಹತ್ತಿರ ಕರೆಯಿರಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದುಃಖ ತಡೆಯಲಾಗದೆ ಸುಮ್ನೆ ಮಾತಾಡಬೇಕು ಅನಿಸಿದರೂ ಮಾಡಬಹುದು.

ಸಾವಿನ ಮನೆಗೆ ಹೋಗುವವರಿಗೆ: ಅತ್ತಿಗೆಗೆ ಆ ದಿನಗಳಲ್ಲಿ ಬೇಕಿದ್ದದ್ದು ಸ್ಟೇಷನ್ನಿಗೆ ಜೊತೆಗೆ ಬರುವವರು, ಪೋಸ್ಟ್ ಮಾರ್ಟಂ ರಿಪೋರ್ಟ್‌ಗೆ ಓಡಾಡುವವರು, ಮಗುವನ್ನು ಸ್ಕೂಲಿಗೆ ಬಿಡುವವರು. ಮತ್ತೆ ಮೂರು ತಿಂಗಳಾದ ಮೇಲೂ, ಎಲ್ಲರೂ ಮರೆತ ಮೇಲೂ, ಬಾಗಿಲು ತಟ್ಟುವವರು. ಪಕ್ಕದ ಮನೆಯ ಟೈಲರ್ ಅಕ್ಕ ಇಷ್ಟನ್ನೂ ಮಾಡಿದರು. ಕಾರಣ ಅವರಿಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ಕಾಮೆಂಟಿನಲ್ಲಿ ನಿಮ್ಮವರ ಬಗ್ಗೆ ಬರೆಯುವುದಾದರೆ ಬರೆಯಿರಿ. ಹೇಗೆ ಹೋದರು, ಯಾಕೆ ಹೋದರು ಬೇಡ. ಏನು ತಿನ್ನುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾರಿಗೆ ಬೈಯುತ್ತಿದ್ದರು ಅದನ್ನು ಬರೆಯಿರಿ. ಎಲ್ಲವನ್ನೂ ಓದುತ್ತೇನೆ.